ಗೋಣಿ ಪರದೆಯ ಹಿಂದೆ ಮೋನಮ್ಮನ ಬರಿಗೈ

ಬೆಳಗಿನ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಶಹಾಪುರದಿಂದ ಭೀಮರಾಯನಗುಡಿ ಕಡೆ ಹೋಗುವ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು. ಒಳಗೆ ಬಲ್ಬು ಹತ್ತುತ್ತದೆ. ಹತ್ತಿದ ಬೆನ್ನಿಗೇ ಆ ಬೆಳಕಿನ ಮುಂದೆ ಗೋಣಿಯ ಪರದೆಯೊಂದು ಇಳಿಯುತ್ತದೆ. ಹಳೆಯ ಚೀಲಗಳನ್ನು ಬಿಚ್ಚಿ ದಬ್ಬಣದಿಂದ ಹೊಲಿದ ಪರದೆ ಅದು. ಶೆಡ್ಡಿನ ಬಾಯಿ ಇರುವುದು ಸೂರ್ಯ ಹುಟ್ಟುವ ದಿಕ್ಕಿಗೆ. ಒಳಗಿನ ಕೆಲಸಕ್ಕೆ ಬೆಳಕು ಎಷ್ಟಿದ್ದರೂ ಬೇಕು. ಆದರೂ ಮೋನಮ್ಮ ಬಡಿಗೇರ ಅವರ ದಿನ ಶುರುವಾಗುವುದು ಬೆಳಕಿಗೆ ಹೀಗೆ ಅಡ್ಡ ಕಟ್ಟುವುದರಿಂದಲೇ.

ಪರದೆಯ ಹಿಂದೆ ಅವರು ಗಂಡನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಡುತ್ತಾರೆ. ಸೆರಗು ಅಂಗಿಯೊಳಗೆ ಹೋಗುತ್ತದೆ, ತಾಳಿ ಕುಪ್ಪಸದೊಳಗೆ ಹೋಗುತ್ತದೆ. ಅಂಗಿಯ ತೋಳನ್ನು ಮೊಳಕೈಯಿಂದ ಮೇಲಕ್ಕೆ ಮಡಚಿ, ಜಾರದ ಹಾಗೆ ಪಿನ್ನು ಹಾಕುತ್ತಾರೆ. ತುರುಬಿನ ಮೇಲೆ ಬಿಗಿಯಾಗಿ ಒಂದು ವಸ್ತ್ರ. ಕೊನೆಗೆ ಗೋಡೆಯ ಕಡೆ ಮುಖ ಮಾಡಿ ನಿಂತು, ಕೈಯಲ್ಲಿನ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಗಂಡ ಬದುಕಿರುವಾಗ ಮುತ್ತೈದೆಯೊಬ್ಬಳು ಮಾಡಬಾರದು ಎಂದು ಊರೆಲ್ಲ ನಂಬಿರುವ ಕೆಲಸ ಅದು. ತೆಗೆದ ಬಳೆಗಳನ್ನು ನೆಲದ ಮೇಲೆ ಇಡುವುದಿಲ್ಲ. ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚುತ್ತಾರೆ. ಹಿಂದೆ ಸ್ಟೂಲಿನ ಮೇಲೆ ಕುಳಿತ ಗಂಡ ದೇವಿಂದ್ರಪ್ಪ ಅವನ್ನು ತೆಗೆದುಕೊಳ್ಳುತ್ತಾರೆ.

"ದಿನಾ ತೆಗಿತೀನ್ರಿ, ದಿನಾ ನಾಚಿಕಿ ಬರ್ತದ," ಅನ್ನುತ್ತಾರೆ ಮೋನಮ್ಮ. "ಬರಬರ್ತಾ ರೂಢಿ ಆಗ್ತದ ಅಂತಿದ್ರು. ಕೈಗಿ ರೂಢಿ ಆಗ್ಯಾದ್ರಿ. ಮನಸಿಗಿ ಆಗವಲ್ದು."

ಆಮೇಲೆ ಮಷಿನ್ನು. ಕೈಯಲ್ಲೇ ಹಿಡಿದು ನಡೆಸುವ ಚಕ್ರದ ಗರಗಸಕ್ಕೆ ಈ ಕಡೆ ಕಟಿಂಗ್ ಮಷಿನ್ ಎನ್ನುತ್ತಾರೆ. ಅದರ ಹಲ್ಲಿನ ಚಕ್ರವನ್ನು ಕೆಳಗಿನಿಂದ ಮುಚ್ಚುವ ಒಂದು ಕಬ್ಬಿಣದ ಮುಚ್ಚಳ ಇರುತ್ತದೆ. ಕಟ್ಟಿಗೆಯೊಳಗೆ ಹೋಗುವಾಗ ಅದು ತಾನಾಗಿ ಹಿಂದೆ ಸರಿಯಬೇಕು, ಹೊರಗೆ ಬಂದ ಕೂಡಲೇ ಸ್ಪ್ರಿಂಗಿನ ಜೋರಿಗೆ ಟಪ್ಪನೆ ಮುಚ್ಚಿಕೊಳ್ಳಬೇಕು. ಬೇರೆ ಬಡಿಗೇರರು ಅದನ್ನು ಗಾರ್ಡು ಎನ್ನುತ್ತಾರೆ. ಈ ಮನೆಯಲ್ಲಿ ಅದಕ್ಕೆ ರೆಪ್ಪೆ ಎಂದು ಹೆಸರು. ಮೋನಮ್ಮ ವೈರನ್ನು ಬೋರ್ಡಿಗೆ ಚುಚ್ಚುವ ಮೊದಲೇ ಆ ರೆಪ್ಪೆಯನ್ನು ಬೆರಳಿನಿಂದ ತೆರೆದು ಬಿಡುತ್ತಾರೆ. ಟಪ್. ಮತ್ತೊಮ್ಮೆ ತೆರೆದು ಬಿಡುತ್ತಾರೆ. ಟಪ್. ಆ ಸಪ್ಪಳ ಕೇಳಿದ ಮೇಲೆಯೇ ಹಿಂದಿನ ಸ್ಟೂಲಿನಿಂದ "ಹೂಂ" ಎಂಬ ದನಿ ಬರುತ್ತದೆ.

ಇವತ್ತಿನದು ಬೇವಿನ ಕಟ್ಟಿಗೆ. ಯಾರದೋ ಹಳೆಯ ಮನೆಯ ತೊಲೆ, ಈಗ ಹೊಸ ಮನೆಯ ಕಿಟಕಿ ಚೌಕಟ್ಟು ಆಗಬೇಕು. ಹಳೆಯ ಕಟ್ಟಿಗೆ ಅಂದರೆ ಎಲ್ಲೋ ಒಂದು ಮೊಳೆ ಮುರಿದು ಒಳಗೆ ಕೂತಿರುತ್ತದೆ. ಮೋನಮ್ಮ ಅಂಗೈಯನ್ನು ತೊಲೆಯ ಮೇಲೆ ಮೆಲ್ಲಗೆ ಎಳೆಯುತ್ತಾರೆ, ಮಗುವಿನ ಬೆನ್ನು ಸವರಿದಂತೆ. ಬೆರಳಿಗೆ ಏನೋ ತಗಲುತ್ತದೆ. ಇಕ್ಕಳದಿಂದ ಕಿತ್ತು ಡಬ್ಬಿಗೆ ಹಾಕುತ್ತಾರೆ. ತೊಲೆಯನ್ನು ಎರಡು ಕುದುರೆಗಳ ಮೇಲೆ, ಅಂದರೆ ಕಾಲಿರುವ ಕಟ್ಟಿಗೆಯ ಆಸರೆಗಳ ಮೇಲೆ ಇಟ್ಟು ಬಿಗಿಯುತ್ತಾರೆ. ಕೊಯ್ದು ಬೀಳಬೇಕಾದ ತುಂಡಿನ ಕೆಳಗೆ ಮಾತ್ರ ಏನನ್ನೂ ಇಡುವುದಿಲ್ಲ.

"ಅದಕ್ಕ ಬೀಳಾಕ ಜಾಗ ಬೇಕ್ರಿ. ಬೀಳಾಕ ಬಿಡಲಿಲ್ಲಂದ್ರ ಎರಡೂ ಕಡಿಂದ ಬ್ಲೇಡಿನ್ನ ಅವುಚಿ ಹಿಡಿತದ. ಆವಾಗ ಮಷಿನ್ ಒದೀತದ, ಹಾಲು ಕೊಡದ ಎಮ್ಮಿ ಒದ್ದಂಗ."

ವೈರು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ. ಕಣ್ಣಿಗೆ ವೆಲ್ಡಿಂಗ್ ಅಂಗಡಿಯಿಂದ ತಂದ ಬಿಳಿ ಕನ್ನಡಕ. ಎರಡೂ ಕೈ ಮಷಿನ್ನಿನ ಮೇಲೆ. ನಿಲ್ಲುವುದು ಬ್ಲೇಡಿನ ನೇರಕ್ಕಲ್ಲ, ಒಂದು ಮಗ್ಗುಲಿಗೆ. ಗುಂಡಿ ಒತ್ತಿ, ಸದ್ದು ಪೂರಾ ಏರುವ ತನಕ ಕಾದು, ಆಮೇಲೆ ಕಟ್ಟಿಗೆಗೆ ಮುಟ್ಟಿಸುತ್ತಾರೆ. ಬೇವಿನ ಕಹಿ ವಾಸನೆ ಶೆಡ್ಡಿನ ತುಂಬ ಏಳುತ್ತದೆ. ಪುಡಿ ಹೊರಗೆ ಹೋಗಲು ದಾರಿಯಿಲ್ಲದೆ ಪರದೆಗೆ ಬಡಿದು ಒಳಗೇ ಸುತ್ತುತ್ತದೆ. ತುಂಡು ಬಿದ್ದ ಮೇಲೂ ಮೋನಮ್ಮ ಮಷಿನ್ನನ್ನು ಕೆಳಗಿಡುವುದಿಲ್ಲ. ಚಕ್ರ ಸುತ್ತುವುದು ಪೂರಾ ನಿಲ್ಲಬೇಕು, ರೆಪ್ಪೆ ಮುಚ್ಚಬೇಕು. ಅಲ್ಲಿಯ ತನಕ ಹಾಗೆಯೇ ಹಿಡಿದು ನಿಂತಿರುತ್ತಾರೆ.

ಈ ಕಾಯುವಿಕೆಯ ಹಿಂದೆ ದೇವಿಂದ್ರಪ್ಪನವರ ಬಲಗೈ ಇದೆ.

ದೇವಿಂದ್ರಪ್ಪನವರ ತಂದೆ ಬಂಡಿ, ಕೂರಿಗೆ, ಕುಂಟೆ ಮಾಡುತ್ತಿದ್ದವರು. ಕಾಲುವೆಗೆ ನೀರು ಬಂತು, ಜೋಳದ ಹೊಲಗಳು ಗದ್ದೆಗಳಾದವು, ಗದ್ದೆಗೆ ಟ್ರ್ಯಾಕ್ಟರು ಬಂತು. ಬಂಡಿ ಮಾಡಿಸುವವರು ಇಲ್ಲವಾದರು, ಮನೆ ಕಟ್ಟಿಸುವವರು ಹೆಚ್ಚಾದರು. ಎಲ್ಲರಿಗೂ ಚೌಕಟ್ಟು ಬೇಕು, ಎಲ್ಲರಿಗೂ ಜಲ್ದಿ ಬೇಕು. ಹಾಗೆ ಈ ಶೆಡ್ಡಿಗೆ ಮಷಿನ್ನು ಬಂತು. ಅದು ಬಂದ ವರ್ಷದ ಮಹಾನವಮಿಗೆ ದೇವಿಂದ್ರಪ್ಪ ತಮ್ಮ ಅಪ್ಪ ಮಾಡುತ್ತಿದ್ದಂತೆಯೇ ಉಳಿ, ಬಾಚಿ, ಗರಗಸಗಳ ಸಾಲಿನಲ್ಲಿ ಅದನ್ನೂ ಇಟ್ಟು, ವಿಭೂತಿ ಹಚ್ಚಿ, ಅರಿಶಿಣದ ದಾರ ಕಟ್ಟಿದರು. ಕಟ್ಟಿದ್ದು ರೆಪ್ಪೆಯನ್ನು ಸುತ್ತಿ.

ಪೂಜೆಯ ದಾರವನ್ನು ಯಾರೂ ಹರಿಯುವುದಿಲ್ಲ. ಅದು ತಾನಾಗಿ ಜೀರ್ಣವಾಗಿ ಉದುರಬೇಕು. ದೇವಿಂದ್ರಪ್ಪನವರೂ ಹರಿಯಲಿಲ್ಲ. ಹಬ್ಬದ ಮಾರನೇ ದಿನ ಕೆಲಸಕ್ಕೆ ಕೂತರು. ರೆಪ್ಪೆ ತೆರೆದದ್ದು ದಾರಕ್ಕೆ ಸಿಕ್ಕಿ ತೆರೆದೇ ಉಳಿಯಿತು. ಕೊಯ್ದು ಮುಗಿಸಿ, ಇನ್ನೂ ಸುತ್ತುತ್ತಿದ್ದ ಮಷಿನ್ನನ್ನು ಎಡಗೈಯಿಂದ ಹಲಗೆಯ ಮೇಲೆ ಇಟ್ಟರು. ಅದು ಹಲಗೆಯ ಮೇಲೆ ಜಿಗಿದು ಓಡಿತು. ಹಲಗೆಯ ಆ ತುದಿಯನ್ನು ಹಿಡಿದಿದ್ದು ಅವರದೇ ಬಲಗೈ. ಕಿರುಬೆರಳು, ಅದರ ಪಕ್ಕದ ಬೆರಳು, ಜೊತೆಗೆ ಅಂಗೈಯ ಒಂದು ಅಂಚು ಹೋಯಿತು.

"ಉಳಿಗಿ ದಾರ ಕಟ್ಟಿದ್ರ ಏನೂ ಆಗಂಗಿಲ್ರಿ," ಅನ್ನುತ್ತಾರೆ ದೇವಿಂದ್ರಪ್ಪ. "ಉಳಿಗಿ ರೆಪ್ಪಿ ಇರಂಗಿಲ್ಲ. ಇದಕ್ಕ ಅದ. ನಾ ಕಣ್ಣಿನ ರೆಪ್ಪಿ ಕಟ್ಟಿ ಹಾಕಿ, ನೋಡು ಅಂದ್ರ ಅದೇನ್ ನೋಡ್ತದ? ದವಾಖಾನಿ ಒಳಗ ಕೇಳಿದ್ರು, ಹೆಂಗಾತು ಅಂತ. ಮಷಿನ್ ಸರಿ ಇರಲಿಲ್ಲ ಅಂದೆ. ದೇವರ ದಾರ ಅಂತ ಹೇಳಾಕ ಬಾಯೇ ಬರಲಿಲ್ಲ."

ಈಗ ಆ ದಾರವನ್ನು ಕಟ್ಟಿಗೆಯ ಕುದುರೆಗೆ ಕಟ್ಟುತ್ತಾರೆ. ಮಷಿನ್ನಿಗೆ ವಿಭೂತಿ ಮಾತ್ರ.

ಮೋನಮ್ಮನವರ ತವರು ಕೊಡೇಕಲ್. ಅವರ ಅಪ್ಪನೂ ಬಡಿಗೇರರೇ. ಚಿಕ್ಕವರಿದ್ದಾಗಿನಿಂದ ಹಲಗೆಯ ಇನ್ನೊಂದು ತುದಿ ಹಿಡಿದು ಬೆಳೆದ ಕೈ ಅವರದು. ಗಂಡನ ಗಾಯ ಮಾಗಿತು. ಆದರೆ ಅರ್ಧ ಕೈಗೆ ಮಷಿನ್ನಿನ ಹಿಡಿ ನಿಲ್ಲಲಿಲ್ಲ. ಒಪ್ಪಿಕೊಂಡ ಚೌಕಟ್ಟುಗಳು ಶೆಡ್ಡಿನಲ್ಲಿ ಅರೆಬರೆ ನಿಂತಿದ್ದವು. ಒಂದು ದಿನ ಬೆಳಗಿನ ಜಾವ ಮೋನಮ್ಮ ಮಷಿನ್ನು ಎತ್ತಿಕೊಂಡರು. ದೇವಿಂದ್ರಪ್ಪ ಬೇಡ ಅನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಗೋಡೆಯ ಕಡೆ ನೋಡುತ್ತ, "ಮಗ್ಗಲಕ್ಕ ನಿಂದ್ರು, ನೆಟ್ಟಗ ನಿಂದ್ರಬ್ಯಾಡ," ಎಂದಷ್ಟೇ ಹೇಳಿದರು.

ಮೊದಮೊದಲು ಬಳೆ ತೊಟ್ಟುಕೊಂಡೇ ಕೊಯ್ಯುತ್ತಿದ್ದರು. ಒಮ್ಮೆ ಜಾಲಿಯ ಗಂಟಿಗೆ ಬ್ಲೇಡು ಸಿಕ್ಕು ಮಷಿನ್ನು ಹಿಂದಕ್ಕೆ ಒದ್ದಾಗ ಬಳೆಗಳು ಹಿಡಿಗೆ ಬಡಿದು ಚೂರಾದವು. ಒಂದು ಚೂರು ಕಣ್ಣಿನ ಕೆಳಗೆ ನೆಟ್ಟಿತು. ಆ ಗೆರೆ ಈಗಲೂ ಇದೆ, ದೂರದಿಂದ ನೋಡಿದರೆ ಕಾಡಿಗೆ ಇಳಿದಂತೆ ಕಾಣುತ್ತದೆ. ಅವತ್ತಿನಿಂದ ಕೆಲಸದ ಹೊತ್ತಿಗೆ ಬರಿಗೈ. ಅವತ್ತಿನಿಂದಲೇ ಈ ಪರದೆ.

ಆದರೂ ಪರದೆ ಎಲ್ಲವನ್ನೂ ಮುಚ್ಚಲಿಲ್ಲ. ಒಂದು ಮಧ್ಯಾಹ್ನ ಬೀಜದ ಅಂಗಡಿಯವರು ಬಾಗಿಲಿನ ಅಳತೆ ಕೊಡಲು ಬಂದವರು ಪರದೆ ಸರಿಸಿ ಒಳಗೆ ಬಂದೇಬಿಟ್ಟರು. ಬರಿಗೈ, ಕಾಣದ ತಾಳಿ, ತಲೆಗೆ ಬಿಗಿದ ವಸ್ತ್ರ ನೋಡಿ ದನಿ ತಗ್ಗಿಸಿ ಕೇಳಿದರು:

"ಪಾಪ, ಯಜಮಾನ್ರು ಯಾವಾಗ ತೀರ್ಕೊಂಡ್ರವ್ವಾ?"

ಮೂಲೆಯ ಸ್ಟೂಲಿನಿಂದ ದೇವಿಂದ್ರಪ್ಪ ಎದ್ದು ನಿಂತರು. "ಆ ತೀರ್ಕೊಂಡಾವ ನಾನೇ ಅದೀನ್ರಿ. ಅಳತಿ ನನ್ನ ಕೈಯಾಗ ಕೊಡ್ರಿ."

ಅದನ್ನು ಹೇಳಿ ದೇವಿಂದ್ರಪ್ಪ ಈಗ ನಗುತ್ತಾರೆ. ಮೋನಮ್ಮ ನಗುವುದಿಲ್ಲ. ಅವತ್ತು ಅವರು ಮಷಿನ್ನಿನ ವೈರು ಕಿತ್ತಿಟ್ಟು ಹಿತ್ತಲಿಗೆ ಹೋಗಿ, ಬಹಳ ಹೊತ್ತು ಬರಿದೇ ಕೈ ತೊಳೆಯುತ್ತ ನಿಂತಿದ್ದರಂತೆ.

ಎದುರಿನ ಚಹಾದ ಹೋಟೆಲಿನ ತಿಮ್ಮಣ್ಣನ ಬಾಯಿಗೆ ಬೇಲಿ ಇಲ್ಲ. ದೇವಿಂದ್ರಪ್ಪ ಚಹಾಕ್ಕೆ ಹೋದಾಗಲೆಲ್ಲ ಒಂದೇ ಮಾತು: "ಹೇಂತಿ ಮಷಿನ್ ಹೊಡೀತಾಳ, ನೀ ಕೈಗಿ ಬಳಿ ಹಾಕ್ಕೊಂಡು ಕುಂದ್ರಪಾ ದೇವಿಂದ್ರಾ!" ಕುಳಿತವರು ನಗುತ್ತಿದ್ದರು. ದೇವಿಂದ್ರಪ್ಪ ಅರ್ಧ ಗ್ಲಾಸು ಬಿಟ್ಟು ಎದ್ದು ಬರುತ್ತಿದ್ದರು. ಆ ಮಾತು ರಸ್ತೆ ದಾಟಿ ಪರದೆಯೊಳಗೆ ಕೇಳುತ್ತಿತ್ತು. ಒಳಗೆ ಮೋನಮ್ಮ ಮಷಿನ್ನಿನ ಗುಂಡಿ ಒತ್ತಿಬಿಡುತ್ತಿದ್ದರು. ಕೊಯ್ಯಲು ಏನೂ ಇಲ್ಲದಿದ್ದರೂ.

ಓಣಿಯ ಹೆಂಗಸರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ನೋಯಿಸಿತು. ಬಸುರಿಯ ಕುಬುಸ, ಕೂಸಿನ ತೊಟ್ಟಿಲು, ಮದುವೆಯ ಅರಿಶಿಣ, ಐದು ಮುತ್ತೈದೆಯರು ಬೇಕಾದಲ್ಲೆಲ್ಲ ಮೊದಲು ಮೋನಮ್ಮನವರಿಗೆ ಕರೆ ಬರುತ್ತಿತ್ತು. ಮೆಲ್ಲಗೆ ಅದು ನಿಂತಿತು. "ಮರ್ತೇ ಬಿಟ್ವಿ ನೋಡವ್ವಾ," ಅನ್ನುತ್ತಿದ್ದರು ದಾರಿಯಲ್ಲಿ ಸಿಕ್ಕಾಗ.

"ನಮ್ಮವ್ರು ಕಣ್ಣ ಮುಂದ ಅದಾರ," ಅನ್ನುತ್ತಾರೆ ಮೋನಮ್ಮ, ಕುಪ್ಪಸದೊಳಗಿನ ತಾಳಿಯನ್ನು ಅಂಗಿಯ ಮೇಲಿನಿಂದಲೇ ಮುಟ್ಟಿಕೊಂಡು. "ಆದ್ರೂ ಮಂದಿ ನನಗ ಅರಿಶಿಣ ಕೊಡಾಕ ಅಂಜಿದ್ರು. ಖರೇ ಹೇಳ್ಬೇಕಂದ್ರ ಅವ್ರದು ತಪ್ಪು ಅನ್ಸಲಿಲ್ಲ ನನಗ. ನನ್ನ ಕೈ ನೋಡಿದ್ರ ನನಗೇ ಹಂಗ ಅನಿಸ್ತಿತ್ತು."

ಹೀಗಿರುವಾಗ ಕೊಂಕಲ್‌ನಿಂದ ಹಣಮಂತಮ್ಮ ಬಂದರು. ಅವರ ಗದ್ದೆಯ ರಾಶಿ ಮುಗಿದಿತ್ತು. ಹೊಸ ಮನೆ ಗೋಡೆಯ ಮಟ್ಟಕ್ಕೆ ಎದ್ದಿತ್ತು. ತಲಬಾಗಿಲಿನ ಚೌಕಟ್ಟು ಸಾಗವಾನಿಯಲ್ಲಿ ಬೇಕಿತ್ತು. ಅದು ತಯಾರಾದ ಮೇಲೆ ಮೋನಮ್ಮನ ಕೈ ಹಿಡಿದು ಹೇಳಿದರು: "ಬಾಗಲಾ ನಿಲ್ಸೋ ದಿನ ನೀನೂ ಬರ್ಬೇಕವ್ವಾ. ಐದು ಮಂದಿ ಒಳಗ ನೀ ಒಬ್ಬಾಕಿ. ನಿನ್ನ ಕೈಲೇ ಆಗಿದ್ದು, ನಿನ್ನ ಕೈಲೇ ಅರಿಶಿಣ ಬೀಳ್ಲಿ."

ಮೋನಮ್ಮ ಆ ದಿನಕ್ಕಾಗಿ ಕಾದರು. ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಬಳೆ ತೊಡಿಸುವ ಆಮೀನಾಳನ್ನು ಮನೆಗೇ ಕರೆಸಿದರು. ಯಾವಾಗಲೂ ದೊಡ್ಡ ಅಳತೆಯ ಬಳೆ ಕೇಳುವವರು, ತೆಗೆದು ಹಾಕಲು ಸಲೀಸಾಗಲಿ ಎಂದು. ಅವತ್ತು ಸಣ್ಣ ಅಳತೆ ಹಾಕು ಅಂದರು. ಕೈಗೆ ಕಚ್ಚಿ ಕೂರುವಂಥದ್ದು.

"ಅರೇ ಮೋನಮ್ಮಾ, ಹೋಗವಲ್ವಲ್ಲ!" ಆಮೀನಾ ಅಂಗೈ ಹಿಸುಕುತ್ತ ನಕ್ಕಳು. "ಗಂಡಸರ ಕೈ ಆಗ್ಯಾದ ನಿಂದು. ನೋಯ್ತದ ಅನ್ನಬ್ಯಾಡ ಮತ್ತ."

"ನೋಯ್ಲಿ ಬಿಡು. ಹಾಕು."

ಮೂಳೆಯ ಮೇಲೆ ಒಂದೊಂದೇ ಬಳೆ ಜಾರಿ ಇಳಿಯಿತು. ಎರಡೂ ಕೈ ತುಂಬಿದ ಮೇಲೆ ಮೋನಮ್ಮ ಆಮೀನಾಳಿಗೆ ನಮಸ್ಕಾರ ಮಾಡಿ, ಆ ದಿನವೆಲ್ಲ ಸುಮ್ಮಸುಮ್ಮನೆ ಕೊಡ ಎತ್ತಿ ಇಟ್ಟರು, ಅವುಗಳ ಸಪ್ಪಳ ಕೇಳಲು. ಕೊಂಕಲ್‌ಗೆ ಹೊರಡುವ ಬೆಳಗ್ಗೆ ಗಂಡನಿಗೆ ಹೇಳಿದರು: "ರೀ, ಇವತ್ತ ಒಂದೂ ಸಾಮಾನು ಹಿಡಕೋಬ್ಯಾಡ್ರಿ. ನಾವು ಕೆಲಸಕ್ಕ ಹೊಂಟಿಲ್ಲ." ದೇವಿಂದ್ರಪ್ಪ ತಲೆಯಾಡಿಸಿದರು. ಆದರೆ ಬಡಿಗೇರನ ಮನಸ್ಸು ಕೇಳಬೇಕಲ್ಲ. ಚೌಕಟ್ಟು ಹೇರಿದ ಟಂಟಂ ಆಟೋದಲ್ಲಿ ಒಂದು ಚೀಲದೊಳಗೆ ಮಷಿನ್ನನ್ನು ಸುತ್ತಿ ಇಟ್ಟುಕೊಂಡರು, ಹೆಂಡತಿಗೆ ಕಾಣದಂತೆ.

ಕೊಂಕಲ್‌ನಲ್ಲಿ ಎಲ್ಲ ಸಜ್ಜಾಗಿತ್ತು. ಪೂಜೆಯ ಅಯ್ಯನವರು ಮಡಿಯುಟ್ಟು ಕೂತಿದ್ದರು. ಹಿತ್ತಾಳೆಯ ತಟ್ಟೆಯಲ್ಲಿ ಅರಿಶಿಣ, ಕುಂಕುಮ, ಅಕ್ಕಿ. ಗೋಡೆ ಕಟ್ಟುವ ಗೌಂಡಿ ಚಾಂದಪಾಶಾ ಮತ್ತು ಆಳುಗಳು ಚೌಕಟ್ಟನ್ನು ಎತ್ತಿ ಗೋಡೆಯ ಕಂಡಿಗೆ ತಂದರು. ಹೋಗಲಿಲ್ಲ. ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳು ಎರಡೂ ಬದಿಗೆ ಸ್ವಲ್ಪ ಹೊರಗೆ ಚಾಚಿರುತ್ತವೆ, ಕಿವಿಗಳಂತೆ. ಗೋಡೆಯೊಳಗೆ ಆ ಕಿವಿಗಳಿಗೆ ಜಾಗ ಬಿಟ್ಟಿರಬೇಕು. ಅಳತೆ ಶೆಡ್ಡಿನಿಂದ ಗೌಂಡಿಗೆ ಫೋನಿನಲ್ಲಿ ಹೋಗಿತ್ತು. ಬಾಗಿಲಿನ ಅಗಲ ಹೇಳಿದವರು ಕಿವಿಯ ಮಾತು ಹೇಳಿರಲಿಲ್ಲ, ಕೇಳಿಸಿಕೊಂಡವರು ಕೇಳಿರಲಿಲ್ಲ.

"ಗ್ವಾಡಿ ಒಡದ್ರ ಮ್ಯಾಲಿನ ಕಲ್ಲು ಕೂಡ ಸಡ್ಲ ಆಗ್ತದ್ರಿ," ಅಂದರು ಚಾಂದಪಾಶಾ. "ಕಿವಿ ಕೊಯ್ದುಬಿಡ್ರಿ, ಆತಲ್ಲ."

ಅಯ್ಯನವರು ಗಡಿಯಾರ ನೋಡಿದರು. ಮುಹೂರ್ತ ಸರಿಯುತ್ತಿತ್ತು. ಕೈಗರಗಸ ಶಹಾಪುರದ ಶೆಡ್ಡಿನಲ್ಲಿತ್ತು. ದೇವಿಂದ್ರಪ್ಪ ತಲೆ ತಗ್ಗಿಸಿಕೊಂಡು ಟಂಟಂನಿಂದ ಚೀಲ ತಂದರು. ಮಷಿನ್ನು ಕಂಡ ಕೂಡಲೇ ಮೋನಮ್ಮನವರ ಮುಖ ಇಳಿಯಿತು.

ಚಾಂದಪಾಶಾ ಮುಂದೆ ಬಂದರು. "ಕೊಡ್ರಿ ಕಾಕಾ, ನಾನೇ ಎಳೀತೀನಿ." ಚೌಕಟ್ಟಿನ ಮೂಲೆಯನ್ನು ಒಂದು ಕಾಲಿನಿಂದ ಒತ್ತಿ, ಕಿವಿಯನ್ನು ಮೊಣಕಾಲಿನ ಹತ್ತಿರ ಎತ್ತಿಕೊಂಡು ಬಗ್ಗಿದರು. ರೆಪ್ಪೆ ಅಡ್ಡ ಬರುತ್ತದೆಂದು ಅದನ್ನು ಮೇಲಕ್ಕೆ ಎಳೆದು ಹಿಡಿದರು.

"ಕೆಳಗಿಡು!" ದೇವಿಂದ್ರಪ್ಪ ಕೂಗಿದ ದನಿಗೆ ಅಯ್ಯನವರೂ ಬೆಚ್ಚಿದರು. "ಕೆಳಗಿಡು ಚಾಂದಪಾಶಾ. ನನ್ನ ಕೈ ನೋಡಿಲ್ಲೇನು ನೀ?"

ಚಾಂದಪಾಶಾ ಮಷಿನ್ನನ್ನು ಇಟ್ಟು ಹಿಂದೆ ಸರಿದರು. ಈಗ ಎಲ್ಲರ ಕಣ್ಣೂ ಮೋನಮ್ಮನ ಮೇಲೆ. ಅವರು ಕನ್ನಡಕ ಕೇಳಲಿಲ್ಲ, ಅಂಗಿ ಕೇಳಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು ಸೀದಾ ಹೋಗಿ ಮಷಿನ್ನು ಎತ್ತಿಕೊಂಡರು. ಬಳೆಗಳು ಹಿಡಿಗೆ ತಾಗಿ ಗಿಲಕ್ಕೆಂದವು. ಕಣ್ಣಿನ ಕೆಳಗಿನ ಗೆರೆ ಚುರುಗುಟ್ಟಿತು ಅನ್ನುತ್ತಾರೆ. ಎತ್ತಿದ್ದನ್ನು ಮತ್ತೆ ಕೆಳಗಿಟ್ಟರು.

"ಬಳಿ ತಗೀಬೇಕ್ರಿ," ಅಂದರು.

ಹಣಮಂತಮ್ಮನ ಅತ್ತೆ ಬಾಯಿಗೆ ಸೆರಗು ಹಿಡಿದರು. "ಯವ್ವಾ, ಶುಭ ಹೊತ್ತಿನ್ಯಾಗ ಕೈ ಬರಿದು ಮಾಡ್ತಾರೇನು? ಹೊಸ ಮನಿ ಬಾಗಲಾ ಮುಂದ? ಇದ್ದಂಗೇ ಕೊಯ್ದುಬಿಡು. ಎಷ್ಟೊತ್ತಿನ ಕೆಲಸ ಅದು?"

"ಒಂದು ಗಳಿಗಿ ಕೆಲಸಾನೇ ಅದ ಅವ್ವಾರ. ಇವ್ರ ಬೆರಳು ಹೋಗಾಕ ಗಳಿಗಿನೂ ಬೇಕಾಗಲಿಲ್ಲ," ಅಂದರು ಮೋನಮ್ಮ.

ಮೋನಮ್ಮ ನೆಲ ನೋಡುತ್ತ ನಿಂತರು. ಅಷ್ಟು ಮಂದಿಯ ನಡುವೆ, ಮದುವಣಗಿತ್ತಿಯಂತೆ ಕೈ ತುಂಬ ಬಳೆ ತೊಟ್ಟು, ಅವನ್ನು ತೆಗೆಯುತ್ತೇನೆಂದು ಬಾಯಿ ಬಿಟ್ಟು ಹೇಳಿದ್ದರು. ನೆಲ ಬಾಯಿ ಬಿಡಬಾರದೇ ಅನಿಸಿತು ಎಂದು ಈಗಲೂ ಹೇಳುತ್ತಾರೆ.

ಆಗ ದೇವಿಂದ್ರಪ್ಪ, "ಯಾರರೆ ಜರಾ ಸಬಕಾರ ನೀರು ಕೊಡ್ರಿ," ಅಂದರು.

ಚೊಂಬಿನಲ್ಲಿ ನೀರು ಬಂತು, ಸಾಬೂನು ಬಂತು. ಅವರು ಇಟ್ಟಿಗೆಯ ಕುಪ್ಪೆಯ ಮೇಲೆ ಕೂತು, ಹೆಂಡತಿಯ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ನಾಲ್ಕು ಜನರ ಎದುರು ಹೆಂಡತಿಯ ಹೆಸರು ಹಿಡಿದು ಕರೆಯದ ಮನುಷ್ಯ ಅವರು. ನೊರೆ ಹಚ್ಚಿ, ಹೆಬ್ಬೆರಳ ಬುಡ ಒತ್ತಿ, ಒಂದು ಬಳೆಯನ್ನು ಮೂಳೆ ದಾಟಿಸಿ ತೆಗೆದರು. ಇಡಲು ಜಾಗ ಹುಡುಕಿದರು. ನೆಲದ ಮೇಲೆ ಸಿಮೆಂಟಿನ ರಾಡಿ. ಗೋಡೆಗೆ ಮೊಳೆ ಇಲ್ಲ. ಇಟ್ಟಿಗೆಯ ಮೇಲಿಟ್ಟರೆ ಉರುಳಿ ಬೀಳುತ್ತದೆ, ಬಿದ್ದರೆ ಏನಾಗುತ್ತದೋ ಆ ಮಾತನ್ನು ಅಂಥ ಹೊತ್ತಿನಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ದೇವಿಂದ್ರಪ್ಪ ಆ ಬಳೆಯನ್ನು ತಮ್ಮ ಬಲಗೈಗೆ ತೊಟ್ಟುಕೊಂಡರು.

ಗಂಡಸಿನ ಕೈಗೆ ಹೋಗಬಾರದಷ್ಟು ಸಣ್ಣ ಬಳೆ ಅದು. ಆ ಅರ್ಧ ಕೈಗೆ ಸರಾಗ ಹೋಯಿತು. ಬೆರಳಿಲ್ಲದ ಅಂಚಿನಲ್ಲಿ ಜಾರಿ ಮಣಿಕಟ್ಟಿಗೆ ಇಳಿಯಿತು. ಎರಡನೆಯದೂ ಹೋಯಿತು. ಮೋನಮ್ಮನ ಎರಡು ಕೈ ಬರಿದಾಗುವಷ್ಟರಲ್ಲಿ ದೇವಿಂದ್ರಪ್ಪನ ಒಂದು ಕೈ ಹಸಿರಾಗಿ ತುಂಬಿತ್ತು.

ಆಳುಗಳ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. "ದೇವಿಂದ್ರಣ್ಣಾ, ಚಲೋ ಕಾಣ್ತಾವ ನೋಡು!"

"ಕಾಣಬೇಕಲ್ಲಪಾ," ಅಂದರು ದೇವಿಂದ್ರಪ್ಪ, ತಲೆ ಎತ್ತದೆ. "ನನ್ನ ಹೆಸರಿನ ಬಳಿ ಅವು."

ಮೋನಮ್ಮ ಗಂಡನ ಅಂಗಿ ಕೇಳಿ ತೊಟ್ಟರು. ಚಾಂದಪಾಶಾ ತಾವೇ ಎರಡು ಕಲ್ಲುಗಳನ್ನು ತಂದು ಚೌಕಟ್ಟಿಗೆ ಆಸರೆ ಕೊಟ್ಟು, ಮೋನಮ್ಮ ಹೇಳಿದಂತೆ ಕಿವಿಯ ಕೆಳಗೆ ಜಾಗ ಬಿಟ್ಟರು. ಹಣಮಂತಮ್ಮನ ಮೈದುನ ತನ್ನ ಬೈಕಿನ ಕನ್ನಡಕ ಕೊಟ್ಟ. ರೆಪ್ಪೆ ಎರಡು ಸಲ ಟಪ್ ಅಂದಿತು. ಸಾಗವಾನಿಯ ಎಣ್ಣೆ ವಾಸನೆ ಎದ್ದಿತು. ನಾಲ್ಕು ಕಿವಿಗಳೂ ಸುಮ್ಮನೆ ನೆಲಕ್ಕೆ ಬಿದ್ದವು. ಚೌಕಟ್ಟು ಕಂಡಿಯೊಳಗೆ ಹೋಗಿ ಕೂತಿತು, ಮುಹೂರ್ತ ಮೀರುವ ಮೊದಲೇ.

ಹಣಮಂತಮ್ಮ ಅರಿಶಿಣದ ತಟ್ಟೆ ಹಿಡಿದು ಬಂದರು. ಮೊದಲ ನಾಲ್ವರು ಹೊಸ್ತಿಲಿಗೆ ಹಚ್ಚಿದರು. ತಟ್ಟೆ ಮೋನಮ್ಮನ ಮುಂದೆ ಬಂದು ನಿಂತಿತು. ಹಣಮಂತಮ್ಮನ ಕಣ್ಣಿನಲ್ಲಿ ಬಾ ಎಂದೇ ಇತ್ತು. ಅತ್ತೆ ಬೇರೆ ಕಡೆ ಮುಖ ತಿರುಗಿಸಿದ್ದರು. ಬಿಗಿಯ ಬಳೆಗಳು ಒಂದು ಗಳಿಗೆಯಲ್ಲಿ ಮತ್ತೆ ಕೈ ಏರುವಂಥವಲ್ಲ. ಮೋನಮ್ಮ ತಮ್ಮ ಬರಿಗೈ ನೋಡಿಕೊಂಡರು.

"ಧೂಳ ಅದ್ರಿ ಕೈಗಿ," ಎಂದು ಹಿಂದೆ ಸರಿದು, ಮಷಿನ್ನಿನ ವೈರು ಸುತ್ತತೊಡಗಿದರು. ಮನೆಯವರು ಐದನೆಯವರಾಗಿ ಪಕ್ಕದ ಮನೆಯಾಕೆಯನ್ನು ಕರೆದರು.

"ಮಂದಿ ತಿಳಕೊಂಡ್ರು, ನಾ ದೊಡ್ಡ ಮನಸ್ ಮಾಡಿ ಬಿಟ್ಕೊಟ್ಟೆ ಅಂತ," ಅನ್ನುತ್ತಾರೆ ಅವರು. "ಅಲ್ರಿ. ಮಷಿನ್ ಹಿಡಿಯಾಗ ಕೈ ಅಂಜಲಿಲ್ಲ. ತಟ್ಟಿ ಮುಂದ ಅಂಜಿತು. ನಮ್ಮವ್ರು ಅಷ್ಟು ಮಂದಿ ಮುಂದ ಬಳಿ ಹಾಕ್ಕೊಂಡು ನಿಂತಾರ. ನನಗ ಒಂದು ಚಿಟಿಕಿ ಅರಿಶಿಣ ಹಚ್ಚಾಕ ಆಗಲಿಲ್ಲ. ಈ ನಾಚಿಕಿ ಆ ನಾಚಿಕಿಗಿಂತ ದೊಡ್ಡದ್ರಿ."

ಅವತ್ತು ಸಂಜೆ ಟಂಟಂ ಶಹಾಪುರಕ್ಕೆ ಬಂದಾಗಲೂ ದೇವಿಂದ್ರಪ್ಪ ಬಳೆ ತೆಗೆದಿರಲಿಲ್ಲ. ಇಳಿದವರೇ ಸೀದಾ ತಿಮ್ಮಣ್ಣನ ಹೋಟೆಲಿಗೆ ಹೋದರು. ಚಹಾದ ಗ್ಲಾಸಿಗೆ ಆ ಕೈಯನ್ನೇ ಚಾಚಿದರು.

"ಇದೇನಪಾ ಇದು?" ಅಂದ ತಿಮ್ಮಣ್ಣ.

"ನೀನೇ ಅಂತಿದ್ದೆಲ್ಲೋ ಮಾರಾಯ, ಹಾಕ್ಕೋ ಹಾಕ್ಕೋ ಅಂತ. ಹಾಕ್ಕೊಂಡೆ."

ತಿಮ್ಮಣ್ಣ ಗ್ಲಾಸು ಕೊಟ್ಟು ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ. ದೇವಿಂದ್ರಪ್ಪ ಗ್ಲಾಸಿನ ಚಹಾ ಪೂರಾ ಕುಡಿದು ಎದ್ದರು. ಮೋನಮ್ಮ ಇದನ್ನೆಲ್ಲ ಕಂಡದ್ದು ಶೆಡ್ಡಿನ ಮೂಲೆಯಲ್ಲಿ ನಿಂತು. ಹೊರಗೆ ಬರಲಿಲ್ಲ.

ಅಲ್ಲಿಂದೀಚೆಗೆ ಹಣಮಂತಮ್ಮನ ಮನೆಯ ಕಿಟಕಿಗಳೂ ಈ ಶೆಡ್ಡಿನಲ್ಲೇ ಆಗಿವೆ. ಚಾಂದಪಾಶಾ ತಮ್ಮ ಕಡೆಯ ಕೆಲಸಗಳನ್ನು ಇಲ್ಲಿಗೇ ಕಳಿಸುತ್ತಾರೆ, ಗೋಡೆಗೆ ಕಂಡಿ ಬಿಡುವ ಮೊದಲು ಕಿವಿಯ ಅಳತೆ ಕೇಳಲು ತಾವೇ ಬರುತ್ತಾರೆ. ಆಮೀನಾ ಮತ್ತೆ ದೊಡ್ಡ ಅಳತೆಯ ಬಳೆ ತೊಡಿಸಿದ್ದಾಳೆ. ಓಣಿಯ ಅರಿಶಿಣದ ಕರೆಗಳು ಒಂದೋ ಎರಡೋ ಬಂದಿವೆ. ಮೋನಮ್ಮ ಹೋಗಿಲ್ಲ.

ಬಿಸಿಲು ಏರುತ್ತಿದೆ. ಬೇವಿನ ತೊಲೆಯ ಕೊನೆಯ ಕೊಯ್ತ ಬಾಕಿ ಇದೆ. ಶೆಡ್ಡಿನೊಳಗೆ ಪುಡಿ ಎಷ್ಟು ತುಂಬಿದೆಯೆಂದರೆ ಗೆರೆ ಸರಿಯಾಗಿ ಕಾಣುತ್ತಿಲ್ಲ. ಮೋನಮ್ಮ ವೈರು ಕಿತ್ತು, ಮಷಿನ್ನು ಪಕ್ಕಕ್ಕಿಟ್ಟು ಕೆಮ್ಮುತ್ತಾರೆ. ಹಿಂದೆ ಸ್ಟೂಲಿನ ಮೇಲೆ ದೇವಿಂದ್ರಪ್ಪ ಕುಳಿತಿದ್ದಾರೆ. ಅವರ ಬಲಗೈಯಲ್ಲಿ ಹೆಂಡತಿಯ ಬಳೆಗಳಿವೆ. ದೊಡ್ಡ ಅಳತೆಯವಾದ್ದರಿಂದ ಜಾರದಂತೆ ಮುಂಗೈ ಮೇಲೆತ್ತಿ ಹಿಡಿದಿದ್ದಾರೆ.

"ಪರದಿ ತಗದ್ರ ಧೂಳ ಹೊರಗ ಹೋಗ್ತದ," ಅನ್ನುತ್ತಾರೆ ಅವರು. "ಗೆರಿ ಕಾಣದಂಗ ಕೊಯ್ಯಬಾರ್ದು. ನನಗೇನ್ ಅಡ್ಡಿ ಇಲ್ಲ."

"ನಿಮಗ ಇಲ್ರಿ," ಅನ್ನುತ್ತಾರೆ ಮೋನಮ್ಮ.

ಹೊರಗೆ ಸುರಪುರದ ಬಸ್ಸು ಹಾರ್ನು ಹೊಡೆಯುತ್ತ ಹೋಗುತ್ತದೆ. ಕೊಡ ಹೊತ್ತ ಹೆಂಗಸರ ಮಾತು ಹತ್ತಿರವಾಗಿ ದೂರವಾಗುತ್ತದೆ. ಮೋನಮ್ಮ ಪರದೆಯ ಹತ್ತಿರ ಹೋಗಿ, ಅದರ ಕೆಳ ಅಂಚನ್ನು ಹಿಡಿದು ಒಂದು ಮಡಿಕೆ ಸುತ್ತುತ್ತಾರೆ. ಇನ್ನೊಂದು ಮಡಿಕೆ. ಬೆಳಕು ನೆಲದ ಮೇಲೆ ಹರಿದು ಕುದುರೆಯ ಕಾಲಿನ ತನಕ ಬರುತ್ತದೆ. ಪುಡಿ ಆ ಸಂದಿಯಿಂದ ಹೊರಗೆ ಹೋಗತೊಡಗುತ್ತದೆ. ಹೊರಗಿನಿಂದ ನೋಡಿದವರಿಗೆ ಈಗ ಅವರ ಪಾದಗಳು, ಕಾಲುಂಗುರ ಕಾಣುತ್ತವೆ. ಕೈ ಕಾಣುವುದಿಲ್ಲ.

"ಒಂದಿನ ಪೂರಾ ತಗೀಬೇಕಂತ ಅದ್ರಿ ಮನಸಿನ್ಯಾಗ," ಅನ್ನುತ್ತಾರೆ, ಸುತ್ತಿದ ಗೋಣಿಗೆ ಹುರಿ ಕಟ್ಟುತ್ತ. "ಇವತ್ತ ಇಷ್ಟು ಸಾಕು."